ಕಿವಿ ಮಡಚಿದ ಚೀಟಿ

ನಂದಿತಾ ಹೊರಟಿದ್ದು ಹಳೇಬೀಡಿನ ಗುಡಿ ನೋಡೋಕೆ. ಬೆಂಗಳೂರಿನ ಕಾಲೇಜಿಗೆ ಮೂರು ದಿನ ರಜೆ. ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಅರಸೀಕೆರೆಯಲ್ಲಿ ರೈಲಿಳಿದು ಬಸ್ಸು ಹತ್ತಿದವಳಿಗೆ, ಹಳೇಬೀಡು ಇನ್ನೂ ಎರಡು ಸ್ಟಾಪ್ ಇದೆ ಅನ್ನುವಾಗ ರಸ್ತೆಗೆ ಅಡ್ಡ ಕಟ್ಟಿದ್ದ ಬ್ಯಾನರ್ ಕಂಡಿತು. ಕುದುರೆ ಗಾಡಿ ಓಟ, ಇಂದೇ, ಕೆರೆ ಅಂಗಳದಲ್ಲಿ. ಇಳಿದೇಬಿಟ್ಟಳು. ಅಷ್ಟು ಶತಮಾನ ನಿಂತಿರೋ ಗುಡಿ ಇನ್ನೊಂದು ದಿನ ಕಾಯಲ್ವಾ ಅಂದುಕೊಂಡಳು. ಅವತ್ತು ಅವಳು ಬಸ್ಸಲ್ಲೇ ಕೂತಿದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ನೀರಿಲ್ಲದ ಕೆರೆಯೊಳಗೆ ಜನವೋ ಜನ. ಕಬ್ಬಿನ ಹಾಲಿನ ಗಾಡಿ, ಮಂಡಕ್ಕಿ, ಪೀಪಿ, ಮಕ್ಕಳ ಕಿರುಚಾಟ. ಮಂಡಕ್ಕಿ ಮುಕ್ಕುತ್ತಾ, ಕಂಡಿದ್ದಕ್ಕೆಲ್ಲ ಫೋನ್ ಹಿಡಿಯುತ್ತಾ ನಂದಿತಾ ಕುಣಿದಾಡುತ್ತಿದ್ದಳು. ಓಟದ ಯಜಮಾನ ಷಡಕ್ಷರಪ್ಪನವರ ಕಣ್ಣಿಗೆ ಬಿದ್ದಿದ್ದು ಆಗಲೇ.

"ಯಾವೂರವ್ವ? ಬೆಂಗಳೂರಾ? ಒಳ್ಳೇದಾಯ್ತು. ಈ ಸಲ ಚೀಟಿ ನೀನೇ ಎತ್ತಬೇಕು," ಅಂದರು.

ಅಲ್ಲಿನ ಕಟ್ಟಳೆ ಹೀಗೆ. ಯಾರೂ ತಮ್ಮ ಕುದುರೆಯ ಗಾಡಿ ತಾವು ಹೊಡೆಯುವ ಹಾಗಿಲ್ಲ. ಕುದುರೆ ಸಾಕಿದವರು ಅದರ ಹೆಸರು ಬರೆದು ಗಡಿಗೆಗೆ ಹಾಕಬೇಕು. ಗಾಡಿ ಹೊಡೆಯೋರ ಹೆಸರು ಒಂದೊಂದಾಗಿ ಕೂಗುವಾಗ ಊರಿನ ಸಂಬಂಧವೇ ಇಲ್ಲದ ಹೊರಗಿನವರೊಬ್ಬರು ಒಂದೊಂದು ಚೀಟಿ ಎತ್ತಬೇಕು. ಎತ್ತಿದ ಚೀಟಿ ಮತ್ತೆ ಗಡಿಗೆಗೆ ಬೀಳೋ ಮಾತೇ ಇಲ್ಲ.

ಚೀಟಿ ಎತ್ತೋಕೆ ಇನ್ನೂ ಅರ್ಧ ಗಂಟೆ ಇತ್ತು. ಹೊಂಗೆ ಮರದಡಿ ಒಬ್ಬ ಮುದುಕ ತನ್ನ ಬಿಳಿ ಕುದುರೆಗೆ ನೆನೆಸಿದ ಹುರುಳಿ ತಿನ್ನಿಸುತ್ತಿದ್ದ. ಗಂಡಸಿ ಅನ್ನೋ ಊರಿನ ಕಡೆಯವನು, ಗಿಡ್ಡಪ್ಪ ಅಂತ. ಕುದುರೆ ಹೆಸರು ಚೆನ್ನಿ.

"ಹೊಟ್ಟೆ ಎಷ್ಟು ದಪ್ಪ ಇದೆ ತಾತ!"

"ಗಬ್ಬ ಕಣವ್ವ. ಒಂಬತ್ತು ತಿಂಗ್ಳಾಯ್ತು. ಇಲ್ಲಿ ಕೈ ಇಟ್ಟು ನೋಡು."

ಇಟ್ಟಳು. ಒಳಗಿಂದ ಧಪ್ ಅಂತ ಒಂದು ಏಟು ಬಿತ್ತು. "ಅಯ್ಯೋ, ಒದೀತು ತಾತ!" ಅಂತ ಚೀರಿ ಮತ್ತೆ ಕೈ ಇಟ್ಟಳು. ಮತ್ತೆ ಒದೆಯಿತು. ಮುದುಕ ಬೊಚ್ಚು ಬಾಯಲ್ಲಿ ನಕ್ಕ.

"ಇಂಥದ್ದನ್ನ ಓಟಕ್ಕೆ ಯಾಕೆ ತಂದ್ರಿ?"

"ತರದಿದ್ರೆ ವರ್ಷೊಪ್ಪತ್ತು ಒಂದು ಮದುವೆ ಮೆರವಣಿಗೆಗೂ ಕರೆಯಾಕಿಲ್ಲ. ಈ ಸಲ ಬಿಟ್ಬುಡಿ ಅಂತ ಷಡಕ್ಷರಪ್ಪನೋರ ಕಾಲು ಹಿಡಕಂಡೆ. 'ಬಸುರಿ ಹೆಂಗಸ್ರು ಕಳೆ ಕೀಳಾಕಿಲ್ವೇನ್ಲಾ, ಓಡ್ಲಿ ಬಿಡು' ಅಂದ್ರು." ಗಿಡ್ಡಪ್ಪ ಅತ್ತ ಇತ್ತ ನೋಡಿ ದನಿ ಇಳಿಸಿದ. "ಪುನೀತ ಅಂತ ಒಬ್ಬವ್ನೆ. ಮದುಮಗನ ಗಾಡಿ ಹೊಡ್ದಂಗೆ ನಿಧಾನ ಹೊಡೀತಾನೆ, ಸೋತ್ರೂ ನಗ್ತಾನೆ. ಅವನ ಕೈಗೆ ಬಿದ್ರೆ ನನ್ ಚೆನ್ನಿ ಉಳೀತದೆ. ಸಂತು ಅಂತ ಇನ್ನೊಬ್ಬವ್ನೆ. ಹೋದ್ವರ್ಷ ಅವನು ಹೊಡೆದ ಕುದುರೆ ಸಂಜೆಗೆ ಸತ್ತೋಯ್ತು. ನನ್ ಚೀಟಿ ಕಿವಿ ಮಡಚಿವ್ನಿ ಕಣವ್ವ. ಪುನೀತನ ಹೆಸರು ಕೂಗಿದಾಗ ಅದನ್ನ ಎತ್ತು. ನಿನ್ ಕಾಲಿಗೆ ಬೀಳ್ತೀನಿ."

"ಛೇ, ಕಾಲಿಗೆಲ್ಲ ಯಾಕೆ ತಾತ? ಎತ್ತುತೀನಿ, ಪ್ರಾಮಿಸ್," ಅಂದಳು ನಂದಿತಾ. ಆ ಗಳಿಗೆಯಲ್ಲಿ ಮನಸಾರೆಯೇ ಅಂದಳು.

ಆಮೇಲೆ ಬಂತು ನೋಡಿ ಮೈಕು. "ಓದಿದ ಹೆಣ್ಣುಮಗಳು! ಇವಳ ಕೈಯಲ್ಲಿ ಮೋಸ ಇಲ್ಲ, ಮಸಲತ್ತಿಲ್ಲ! ಚಪ್ಪಾಳೆ!" ಅಂತ ಷಡಕ್ಷರಪ್ಪನವರು ಗಂಟಲು ಹರಿಯೋ ಹಾಗೆ ಕೂಗಿದರು. ಇಡೀ ಕೆರೆ ಸೀಟಿ ಹೊಡೆಯಿತು. ಹುಡುಗಿಗೆ ಮೈಯೆಲ್ಲ ಪುಳಕ. ಅವಳ ಫೋನನ್ನು ಯಾರೋ ಎದುರಿಗೆ ನಿಂತು ಹಿಡಿದಿದ್ದರು, ವಿಡಿಯೋ ಓಡುತ್ತಿತ್ತು.

ಮೊದಲ ಹೆಸರು ಕೂಗಿದರು. ಸಂತು.

ಗಡಿಗೆಯೊಳಗೆ ಕೈ ಹಾಕಿದಳು. ಮಡಚಿದ ಮೂಲೆ ಬೆರಳಿಗೆ ತಾಕಿತು. ಬಿಟ್ಟು ಪಕ್ಕದ್ದನ್ನ ಎತ್ತಿದ್ದರೆ ಮುಗೀತಿತ್ತು. ಆದರೆ ಇಷ್ಟು ಜನ ತನ್ನನ್ನು ನಂಬಿ ಚಪ್ಪಾಳೆ ತಟ್ಟಿದ್ದಾರೆ, ತಾನು ಕಳ್ಳಾಟ ಆಡೋದಾ ಅನ್ನಿಸಿತು ಆ ಮಹಾತಾಯಿಗೆ. ಇನ್ನೊಂದು ಸತ್ಯವನ್ನೂ ಹೇಳಿಬಿಡಬೇಕು: ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತೆ ಅಂತಲೂ ಅನ್ನಿಸಿತು. ಮಡಚಿದ ಚೀಟಿಯನ್ನೇ ಹೊರಗೆಳೆದು ಎಲ್ಲರಿಗೂ ಕಾಣೋ ಹಾಗೆ ಎತ್ತಿ ಹಿಡಿದು, ಷಡಕ್ಷರಪ್ಪನವರ ಕೈಯಿಂದ ಮೈಕು ಇಸಕೊಂಡಳು.

"ನೋಡಿ, ಇದಕ್ಕೆ ಗುರುತು ಮಾಡಿದ್ದಾರೆ! ಇದು ಮೋಸ. ಎಲ್ಲಾ ಚೀಟಿ ಹೊಸದಾಗಿ ಬರೀರಿ!"

ಜನ ಹೋ ಅಂತ ಎದ್ದರು. ಚೀಟಿ ಬಿಚ್ಚಿ ಚೆನ್ನಿ ಅಂತ ಓದಿದ್ದೇ ತಡ, ಯಾರೋ ಗಿಡ್ಡಪ್ಪನ ತಲೆವಸ್ತ್ರ ಕಿತ್ತು ಗಾಳಿಗೆ ಎಸೆದರು. "ಮುದಿವಯಸ್ಸಲ್ಲಿ ಕಳ್ಳಬುದ್ಧಿ ನೋಡ್ಲಾ!" ಅಂತ ಬೆನ್ನಿಗೆ ಗುದ್ದಿದರು.

ಷಡಕ್ಷರಪ್ಪ ನಕ್ಕರು. "ಎತ್ತಿದ ಚೀಟಿ ಎತ್ತಿದ್ದೇ ಕಣವ್ವ. ಹೊಸದಾಗಿ ಬರೆಯೋದೆಲ್ಲ ನಮ್ಮಲ್ಲಿಲ್ಲ. ಚೆನ್ನಿ ಸಂತುಗೆ!"

ನಂದಿತಾ ಅವರತ್ತ ನುಗ್ಗಿದಳು. "ಸರ್, ಅದು ಗಬ್ಬ ಇದೆ, ದಯವಿಟ್ಟು..." ಅಂದಳು. ಮೈಕು ಅಷ್ಟರಲ್ಲಿ ಅವರ ಕೈ ಸೇರಿತ್ತು. ಅವಳ ಮಾತು ಪಕ್ಕದಲ್ಲಿದ್ದವರಿಗೂ ಕೇಳಲಿಲ್ಲ.

ಐದು ಗಾಡಿಗಳು ತೂಬಿನಿಂದ ಹೊರಟು, ದೂರದ ಹುಣಸೆಮರ ಸುತ್ತಿ, ವಾಪಸ್ ತೂಬಿಗೆ ಬರಬೇಕು. ಸಂತು ಮೊದಲಿಂದಲೇ ಚಾಟಿ ಬೀಸಿದ. ಹೊಟ್ಟೆಯೋ ಬೆನ್ನೋ ಒಂದೂ ನೋಡಲಿಲ್ಲ ಪಾಪಿ. ಮರದ ತಿರುವಿನಲ್ಲಿ ಸಂತುವಿನ ಗಾಡಿಗೆ ಇನ್ನೊಂದು ಗಾಡಿ ಬಡಿಯಿತು, ಸಂತು ಹಾರಿ ಮಣ್ಣಿಗೆ ಬಿದ್ದ. ಚೆನ್ನಿ ಮಾತ್ರ ನಿಲ್ಲಲಿಲ್ಲ. ಖಾಲಿ ಗಾಡಿ ಎಳೆದುಕೊಂಡು, ಬೆದರಿದ ಕಣ್ಣು ಬಿಟ್ಟುಕೊಂಡು, ತೂಬಿನ ಹತ್ತಿರ ಬರಿತಲೆಯಲ್ಲಿ ನಿಂತಿದ್ದ ಗಿಡ್ಡಪ್ಪನನ್ನೇ ನೋಡುತ್ತಾ ಓಡಿಬಂತು. ಎಲ್ಲರಿಗಿಂತ ಮೊದಲು ಬಂತು.

"ಗೆಲ್ಲೋದು ಕುದುರೆ, ಹೊಡೆಯೋನಲ್ಲ! ಚೆನ್ನಿಗೇ ಬಹುಮಾನ!" ಅಂತ ಮೈಕು ಅರಚಿತು.

ಚೆನ್ನಿ ಗಿಡ್ಡಪ್ಪನ ಕಾಲ ಬುಡದಲ್ಲಿ ಮಂಡಿಯೂರಿ ಪಕ್ಕಕ್ಕೆ ಉರುಳಿತು. ಗೆದ್ದ ಕುದುರೆ ಊರೊಳಗೆ ನಡೆದು ಹೋಗಿ ಆರತಿ ಮಾಡಿಸಿಕೊಳ್ಳಬೇಕಂತೆ. ನಾಲ್ಕು ಜನ ಹೊಟ್ಟೆಯಡಿ ಗಳ ತೂರಿಸಿ ಎಬ್ಬಿಸಿದರು, ಕೊರಳಿಗೆ ಸೇವಂತಿಗೆ ಹಾರ ಹಾಕಿದರು. ಎರಡು ಹೆಜ್ಜೆ ಇಟ್ಟು ಮತ್ತೆ ಬಿತ್ತು. ಹಿಂಗಾಲ ಸಂದಿಯಿಂದ ರಕ್ತ ಇಳಿಯುತ್ತಿತ್ತು. "ನಾಟಕ ಆಡ್ತೈತೆ, ಒಡೆಯನ ಹಂಗೇ," ಅಂದ ಒಬ್ಬ. ಸುತ್ತಲಿದ್ದವರು ನಕ್ಕರು.

ಅಷ್ಟರಲ್ಲಿ ನಂದಿತಾಳ ತಲೆಗೂ ಒಂದು ಪೇಟ ಇಟ್ಟರು. "ಒಳ್ಳೆ ಕೈ ಕಣವ್ವ ನಿಂದು! ಎತ್ತಿದ ಮೊದಲ್ನೇ ಚೀಟಿನೇ ಗೆಲ್ತು!" ಅನ್ನುತ್ತಾ ಷಡಕ್ಷರಪ್ಪನವರು ಫೋಟೋಗೆ ಕರೆದರು. ಅವಳು ಪೇಟ ಕಿತ್ತುಹಾಕಿ, ಜನರನ್ನು ನೂಕಿಕೊಂಡು ಕುದುರೆ ಹತ್ತಿರ ಓಡಿ ಕುಕ್ಕರುಬಡಿದಳು.

"ತಾತ, ನಂಗೆ ಗೊತ್ತಾಗ್ಲಿಲ್ಲ ತಾತ. ಡಾಕ್ಟರ್ನ ಕರೆಸೋಣ..."

ಗಿಡ್ಡಪ್ಪ ಅವಳ ಮಣಿಕಟ್ಟು ಹಿಡಿದು, ಓಟಕ್ಕೆ ಮುಂಚೆ ಇಟ್ಟ ಜಾಗದಲ್ಲೇ ಅಂಗೈ ಒತ್ತಿಸಿದ. ಚೆನ್ನಿಯ ಹೊಟ್ಟೆ ಬೆವರಿ ಒದ್ದೆಯಾಗಿತ್ತು, ಉಸಿರಿಗೆ ಏರಿಳಿಯುತ್ತಿತ್ತು. ಅವಳು ಕಾದಳು. ಬೇರೆ ಕಡೆ ಕೈ ಸರಿಸಿ ಮತ್ತೆ ಕಾದಳು. ಒಳಗೆ ಏನೂ ಅಲುಗಲಿಲ್ಲ.

"ಒದೀತಾ?" ಅಂದ ಗಿಡ್ಡಪ್ಪ.

ಅವಳು ಇಲ್ಲ ಅಂತ ತಲೆಯಾಡಿಸಿದಳು.

"ಹಂಗಾದ್ರೆ ಹೋಗವ್ವ, ಅದನ್ನೂ ಮೈಕಲ್ಲಿ ಹೇಳ್ಬುಡು."