ಎರಡನೆಯ ತಟ್ಟೆ

ಮಂಡಿ ಆಪರೇಷನ್‌ನಲ್ಲಿ ತೆಗೆದ ಕಾರ್ಟಿಲೇಜ್ ಚೂರನ್ನು ನನ್ನ ಲ್ಯಾಬಿಗೆ ಕೊಡಲು ಒಪ್ಪಿದಾಗ ಅಮ್ಮ ನಕ್ಕಿದ್ದಳು: "ಇಡೀ ದಿನ ನಿನ್ನ ಜೊತೆ ಇರೋ ಭಾಗ್ಯ ನನ್ನ ಮಂಡಿಗಾದ್ರೂ ಸಿಗ್ಲಿ ಬಿಡು."

ಅಮ್ಮ ಹೋಗಿ ಮೂರು ವಾರವಾಗಿತ್ತು. ಅವಳ ಜೀವಕೋಶಗಳು ಮಾತ್ರ ಎರಡು ಗಾಜಿನ ತಟ್ಟೆಗಳಲ್ಲಿ ಇನ್ನೂ ಬದುಕಿದ್ದವು. ಅಂದಿನ ಪ್ರಯೋಗದಲ್ಲಿ ಎರಡಕ್ಕೂ ಪೆರಾಕ್ಸೈಡ್ ಹಾಕಿ ಜೀವಕೋಶಗಳಿಗೆ ಘಾಸಿ ಮಾಡಬೇಕಿತ್ತು. ಆಮೇಲೆ, ಅವು ಚೇತರಿಸಿಕೊಳ್ಳುತ್ತವೆಯೇ ಎಂದು ನೋಡಲು, ಒಂದಕ್ಕೆ ಇಪ್ಪತ್ತು ನಿಮಿಷ ಅಲ್ಟ್ರಾಸೌಂಡ್ ಚಿಕಿತ್ಸೆ ಕೊಟ್ಟು, ಇನ್ನೊಂದನ್ನು ಹೋಲಿಕೆಗಾಗಿ ಹಾಗೆಯೇ ಸಾಯಲು ಬಿಡಬೇಕಿತ್ತು.

ನಾನು ಎರಡಕ್ಕೂ ಚಿಕಿತ್ಸೆ ಕೊಟ್ಟೆ.

"ತಲೆಗಿಲೆ ಕೆಟ್ಟಿದ್ಯೇನಮ್ಮಾ? ಇನ್ನು ಯಾವುದನ್ನ ಯಾವುದಕ್ಕೆ ಹೋಲಿಸ್ತೀಯಾ?" ಎಂದು ನನ್ನ ಪಿಎಚ್‌ಡಿ ಗೈಡ್ ರೇಗಿದರು.

"ಮಂಡಿ ಒಂಚೂರು ನೀವಿಕೊಡೇ" ಎಂದು ಅಮ್ಮ ಕರೆದಾಗಲೆಲ್ಲ ನನಗೆ ಇಪ್ಪತ್ತು ನಿಮಿಷ ಪುರುಸೊತ್ತು ಸಿಕ್ಕಿರಲಿಲ್ಲ.