ವಿಸ್ಕಿ ಇಲ್ಲದ ಮೂರು ದಿನ

ನಾನೊಂದು ಶೇಕರ್, ಬಾರಿನಲ್ಲಿ ಪಾನೀಯ ಬೆರೆಸಿ ಕುಲುಕುವ ಪಾತ್ರೆ. ಉದ್ದನೆಯ ಸ್ಟೀಲ್ ಡಬ್ಬಿ, ಬಾಯಿಗೊಂದು ಜಾಲರಿ, ತಲೆಗೊಂದು ಟೋಪಿ. ಕಾರ್ಖಾನೆಯಲ್ಲಿ ನನ್ನ ಜೊತೆ ಹುಟ್ಟಿದವರು ಹಾಲಿನ ಕ್ಯಾನಾದರು, ಬುತ್ತಿಯ ಡಬ್ಬಿಯಾದರು. ನನ್ನ ಪಾಲಿಗೆ ಬಂದದ್ದು ವಿಸ್ಕಿ.

ನನ್ನ ಮೊದಲ ಒಡೆಯ ಬೆಂಗಳೂರಿನ ಕ್ಲಬ್ಬೊಂದರ ಬಾರಿನಲ್ಲಿ ಕೆಲಸಕ್ಕಿದ್ದ ಮುದುಕ ಲಾಜರಸ್. ವಿಸ್ಕಿ, ನಿಂಬೆರಸ, ಸಕ್ಕರೆ ಪಾಕ, ಮೊಟ್ಟೆಯ ಬಿಳಿ ಹಾಕಿ ಅವನು ಕುಲುಕಿದರೆ ಕೆನೆಯಂಥ ನೊರೆ ಏಳುತ್ತಿತ್ತು. ಕೆಲಸ ಬಿಟ್ಟ ದಿನ ನನ್ನನ್ನು ಶಿಷ್ಯ ದೊಡ್ಡತಮ್ಮಯ್ಯನ ಕೈಗಿಟ್ಟ. ಅವನ ಜೊತೆ ನಾನು ಕಾಡಂಚಿನ ರೆಸಾರ್ಟ್ ಸೇರಿದೆ.

ಸರ್ಕಾರ ಅಲುಗಾಡಿದ ವರ್ಷ ಆ ರೆಸಾರ್ಟಿಗೆ ಎರಡು ಬಸ್ಸುಗಳಲ್ಲಿ ಹದಿನೆಂಟು ಶಾಸಕರು ಬಂದಿಳಿದರು. ಎದುರು ಪಕ್ಷದವರು ಕರೆತಂದ ಆಳುವ ಪಕ್ಷದವರು. ಮೂರು ದಿನದೊಳಗೆ ಅವರಿಂದ ರಾಜೀನಾಮೆ ಬರೆಸಿಕೊಳ್ಳಬೇಕಿತ್ತು. ಎಲ್ಲರ ಫೋನುಗಳು ಒಂದು ಪ್ಲಾಸ್ಟಿಕ್ ಬುಟ್ಟಿ ಸೇರಿದವು. ಕಾವಲಿಗಿದ್ದ ದಪ್ಪ ಮೀಸೆಯವನು, "ಯಾರ ಗ್ಲಾಸೂ ಖಾಲಿ ಇರಬಾರದು" ಎಂದು ಅಪ್ಪಣೆ ಮಾಡಿದ.

ಬಂದವರಲ್ಲಿ ದೊಡ್ಡತಮ್ಮಯ್ಯನ ಊರಿನ ಶಾಸಕ ಮರಿಕೆಂಪಯ್ಯನೂ ಇದ್ದ. ಊರಿನ ಆಸ್ಪತ್ರೆಗೆ ಡಾಕ್ಟರನ್ನು ತಂದೇ ತರುತ್ತೇನೆಂದು ದೊಡ್ಡತಮ್ಮಯ್ಯನ ತಾಯಿಯ ತಲೆ ಮುಟ್ಟಿ ಆಣೆ ಮಾಡಿದ್ದವನು.

ಮೊದಲ ಬೆಳಿಗ್ಗೆಯೇ ಅವನು ಕೌಂಟರಿಗೆ ಬಂದು ಪಿಸುಗುಟ್ಟಿದ. "ತಮ್ಮಯ್ಯಾ, ಕುಡ್ಸಿ ಕುಡ್ಸಿ ಸಹಿ ಹಾಕಿಸ್ಕತಾರೆ ಕಣ್ಲಾ. ನನ್ ತಲೆ ನೆಟ್ಟಗಿರ್ಬೇಕು. ಏನಾರ ಮಾಡು."

"ಮಾಡ್ತೀನಿ ಅಣ್ಣಾವ್ರೆ. ನಮ್ಮವ್ವ ಕುರ್ಚಿ ಮೇಲೆ ಹೊರಿಸ್ಕಂಡೋಗಿ ನಿಮ್ಗೆ ಓಟ್ ಹಾಕವ್ಳೆ. ಕೈ ಬಿಡ್ಬೇಡಿ."

ಅಂದಿನಿಂದ ಮರಿಕೆಂಪಯ್ಯನ ಪಾಲಿಗೆ ನನ್ನ ಹೊಟ್ಟೆಯಲ್ಲಿ ವಿಸ್ಕಿ ಇರಲಿಲ್ಲ. ತಣಿಸಿದ ಕಪ್ಪು ಚಹಾ, ನಿಂಬೆ, ಪಾಕ, ಮೊಟ್ಟೆಯ ಬಿಳಿ. ವಾಸನೆಗೆಂದು ದೊಡ್ಡತಮ್ಮಯ್ಯ ಗ್ಲಾಸಿನ ಅಂಚಿಗೆ ಮಾತ್ರ ವಿಸ್ಕಿ ಸವರುತ್ತಿದ್ದ. ನೊರೆಯ ಕೆಳಗೆ ಏನಿದೆ ಎಂದು ಮೀಸೆಯವನಿಗೆ ತಿಳಿಯಲಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆಂದು ಗೊತ್ತಿದ್ದೂ ದೊಡ್ಡತಮ್ಮಯ್ಯ ಎದೆಯುಬ್ಬಿಸಿ ಕುಲುಕಿದ. ನಾನೂ ಹೆಮ್ಮೆಯಿಂದ ಸದ್ದು ಮಾಡಿದೆ.

ಮೂರನೆಯ ಬೆಳಿಗ್ಗೆ ಕಾಗದಗಳು ಬಂದವು: ರಾಜೀನಾಮೆ, ಜೊತೆಗೆ ಅದಕ್ಕೆ ಪ್ರತಿಯಾಗಿ ಯಾರಿಗೆ ಏನು ಸಿಗುತ್ತದೆಂಬ ಒಪ್ಪಂದ. ಹದಿನೇಳು ಮಂದಿ ತೂರಾಡುತ್ತಲೇ ಸಹಿ ಹಾಕಿದರು. ಮರಿಕೆಂಪಯ್ಯ ಕನ್ನಡಕ ಹಾಕಿಕೊಂಡು ತನ್ನ ಒಪ್ಪಂದವನ್ನು ಎರಡು ಸಲ ಓದಿದ. ಅವನು ಅದನ್ನು ಹರಿದೆಸೆಯುತ್ತಾನೆಂದು ದೊಡ್ಡತಮ್ಮಯ್ಯ ಕೌಂಟರಿನ ಮೇಲೆ ಬಾಗಿ ನೋಡಿದ.

"ಮಂತ್ರಿ ಮಾಡ್ತೀವಿ ಅಂದಿದ್ರಿ. ಇಲ್ಲಿ ನಿಗಮ ಅಂತ ಬರ್ದಿದೆ?"

ಕಾಗದ ತಂದವರು ನಿಗಮ ಹೊಡೆದುಹಾಕಿ ಮಂತ್ರಿ ಎಂದು ಬರೆದರು. ಅವನು ದುಂಡಾದ ಅಕ್ಷರದಲ್ಲಿ ಸಹಿ ಹಾಕಿದ.

"ಇಷ್ಟು ಕುಡಿದೂ ನಿಮ್ ಕಣ್ಣು ಚುರುಕಾಗೈತಲ್ಲ!" ಎಂದ ಮೀಸೆಯವನು.

"ಎಲ್ಲಿ ಕುಡ್ದೆ? ನಿಮ್ಮೋನು ಮೂರು ದಿನ ಟೀ ಕುಡಿಸವ್ನೆ!" ಎಂದು ಮರಿಕೆಂಪಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

"ಥೂ! ನಮ್ಮವ್ವನ ತಲೆ ಮುಟ್ಟಿದ ಕೈಯಲ್ವೇನಯ್ಯಾ ಅದು?" ದೊಡ್ಡತಮ್ಮಯ್ಯನ ಬಾಯಲ್ಲಿ 'ಅಣ್ಣಾವ್ರು' ಅಂದೇ ಸತ್ತುಹೋಯಿತು. ಕೆಲಸವೂ ಹೋಯಿತು. ನನ್ನನ್ನು ಚೀಲಕ್ಕೆ ತುರುಕಿಕೊಂಡು ಗೇಟು ದಾಟಿದ.

ಈಗ ನನಗೆ ವಯಸ್ಸಾಗಿದೆ. ಮೈ ತುಂಬ ತಗ್ಗು, ಕಳೆದುಹೋದ ಟೋಪಿಯ ಜಾಗದಲ್ಲಿ ಒಂದು ಸ್ಟೀಲ್ ಲೋಟ. ಊರಿನ ಆಸ್ಪತ್ರೆಯ ಎದುರು ದೊಡ್ಡತಮ್ಮಯ್ಯನ ಗಾಡಿಯಲ್ಲಿ ನಿಂಬೆ ಶರಬತ್ತು ಕುಲುಕುತ್ತೇನೆ. ಡಾಕ್ಟರ ಕೋಣೆಗೆ ಇನ್ನೂ ಬೀಗ. ಹೋದ ವರ್ಷ ಅವನ ತಾಯಿ ಜಿಲ್ಲಾಸ್ಪತ್ರೆಯ ದಾರಿಯಲ್ಲೇ ತೀರಿಕೊಂಡಳು.

ಮೊನ್ನೆ ಮಟಮಟ ಮಧ್ಯಾಹ್ನ ಮಂತ್ರಿ ಮರಿಕೆಂಪಯ್ಯನ ಕಾರು ಇದೇ ರಸ್ತೆಯಲ್ಲಿ ನಿಂತಿತು. ಗನ್‌ಮ್ಯಾನ್ ಇಳಿದು ಬಂದ. "ಸಾಹೇಬ್ರಿಗೆ ಬಾಯಾರೈತೆ. ಒಂದು ಶರಬತ್ತು."

ಏಳು ಜನ ಸಾಲಿನಲ್ಲಿದ್ದರು. ದೊಡ್ಡತಮ್ಮಯ್ಯ ನನ್ನನ್ನು ಬೋರಲು ಹಾಕಿ, "ಅಂಗಡಿ ಮುಚ್ಚೈತೆ" ಎಂದ. ಸಾಲಿನಲ್ಲಿದ್ದ ಒಬ್ಬರೂ ಕದಲಲಿಲ್ಲ.

ಊರು ಕೆಡಿಸುವುದು ನನ್ನ ಹೊಟ್ಟೆಯೊಳಗಿನ ವಿಸ್ಕಿ ಎಂದು ಜನ ನನ್ನನ್ನು ಬೈದದ್ದುಂಟು. ನಾನೂ ನಂಬಿದ್ದೆ. ಆದರೆ ಆ ಹದಿನೆಂಟರಲ್ಲಿ ಎಲ್ಲರಿಗಿಂತ ದುಬಾರಿಗೆ ಮಾರಾಟವಾದವನು ಕುಡಿದದ್ದು ಬರೀ ಚಹಾ. ಕುಲುಕಿದವನು ನಾನೇ.

ಕಾರು ಹೊರಟ ಮೇಲೆ ದೊಡ್ಡತಮ್ಮಯ್ಯ ನನ್ನನ್ನು ನೆಟ್ಟಗೆ ನಿಲ್ಲಿಸಿ, ಸಾಲಿನ ಮೊದಲನೆಯವಳಿಗೆ ನಿಂಬೆ ಹಿಂಡಿದ.