ನಡುವಿನ ಶಟಲ್

ಗೆಲುವಿನ ಪಾಯಿಂಟು ಶರ್ವರಿಯ ರಾಕೆಟ್ಟಿನಿಂದಲೇ ಬಂತು. ಶಟಲ್ ರೋಹಿತನ ಕಾಲಬುಡದಲ್ಲಿ ಬಿದ್ದದ್ದೇ ತಡ, ಅವಳು ರಾಕೆಟ್ಟನ್ನು ಬಗಲಿಗೆ ಸಿಕ್ಕಿಸಿ ಓಡಿಬಂದು ಸಿಂಧೂರಳನ್ನು ಸೊಂಟ ಹಿಡಿದು ಎತ್ತಿಬಿಟ್ಟಳು.

"ಏ, ಇಳಿಸೇ! ಬೀಳ್ತೀನಿ!" ಎಂದು ಸಿಂಧೂರ ಕೂಗಿದಳು. ಆಗ ಶರ್ವರಿಗೆ ಅವಳ ಮಂಡಿಗೆ ಸುತ್ತಿದ ಕಪ್ಪು ಪಟ್ಟಿಯ ನೆನಪಾಗಿ, ಗಾಜಿನ ಸಾಮಾನು ಇಳಿಸುವವಳ ಹಾಗೆ ಅವಳನ್ನು ಮೆಲ್ಲಗೆ ಕೆಳಗಿಟ್ಟಳು.

ಇದೇನೂ ದೊಡ್ಡ ಪಂದ್ಯವಲ್ಲ. ಬೆಳಗಿನ ಅಭ್ಯಾಸದ ಆಟ, ಯಾರೂ ಎಲ್ಲೂ ಬರೆದಿಡದ ಗೆಲುವು. ಬಲೆಯ ಆಚೆಗಿದ್ದವರಲ್ಲಿ ರೋಹಿತ ಈ ಬ್ಯಾಡ್ಮಿಂಟನ್ ಅಕಾಡೆಮಿಯವನೇ. ಹುಡುಗಿಯರ ಸ್ಮ್ಯಾಶುಗಳನ್ನು ದಿನವಿಡೀ ಮೈಮೇಲೆ ಹಾಕಿಸಿಕೊಳ್ಳುವುದೇ ಅವನ ನೌಕರಿ. ಇನ್ನೊಬ್ಬಳು ರೇವಾ, ಪುಣೆಯ ಆ ತುದಿಯ ನಿಗಡಿಯಿಂದ ಬಸ್ಸು ಬದಲಿಸಿ ಬರುವ ಹತ್ತೊಂಬತ್ತರ ಹುಡುಗಿ. ಆದರೂ ಶರ್ವರಿಯ ಮುಖ ನೋಡಿದವರು ಅವಳು ಏನೋ ಕಪ್ ಗೆದ್ದಳೆಂದೇ ತಿಳಿಯಬೇಕು. ಮಂಡಿಯ ಆಪರೇಶನ್ ಮಾಡಿಸಿಕೊಂಡು ವರ್ಷದ ಹತ್ತಿರ ತುಮಕೂರಿನಲ್ಲಿ ತಾಯಿಯ ಮನೆಯಲ್ಲಿ ಕೂತಿದ್ದ ಸಿಂಧೂರ ನಿನ್ನೆ ತಾನೇ ಪುಣೆಗೆ ವಾಪಸು ಬಂದಿದ್ದಳು. ಅವಳ ಜೊತೆ ನಿಂತು ಆಡಿದ ಮೊದಲ ಆಟ ಇದು.

ಕೋಚ್ ರಘುರಾಮ ಸರ್ ಕಿಟಕಿಯ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಂದರು. ಬೆಳಗಾವಿಯವರು, ಹೊಗಳಿದರೆ ಹುಡುಗಿಯರು ಕೆಡುತ್ತಾರೆ ಎಂದು ನಂಬಿದ ಮನುಷ್ಯ.

"ಸಂಜೀಕ ನನಗ ಹೆಸರು ಹೇಳು, ಶರ್ವರಿ. ಈ ಸೀಸನ್‌ಗೆ ನಿನ್ನ ಜೋಡಿ ಸಿಂಧೂರನೋ, ರೇವಾನೋ. ಒಮ್ಮೆ ಹೇಳಿದಮ್ಯಾಲೆ ಬದಲೀ ಮಾಡೂದಿಲ್ಲ."

"ಅದರಾಗ ಕೇಳೂದೇನದರೀ ಸರ್? ಈಗ ನೋಡಿದ್ರಲ್ಲಾ."

"ನೋಡೀನಿ," ಎಂದರು ಸರ್. "ಸಂಜೀಕ ಹೇಳು."

ಇಪ್ಪತ್ತೊಂಬತ್ತು ತುಂಬಿದ ಡಬಲ್ಸ್ ಆಟಗಾರ್ತಿಗೆ ಸೀಸನ್ನುಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಸಿಂಧೂರ ಇಲ್ಲದ ವರ್ಷದಲ್ಲಿ ಶರ್ವರಿ ಸಿಕ್ಕಸಿಕ್ಕವರ ಜೊತೆ ಆಡಿ, ರ‍್ಯಾಂಕಿಂಗಿನಲ್ಲಿ ಜಾರುತ್ತ ಬಂದಿದ್ದಳು. ಈ ವರ್ಷವೂ ಹಾಗೇ ಆದರೆ ಒಳ್ಳೆಯ ಟೂರ್ನಮೆಂಟುಗಳ ಬಾಗಿಲು ಮುಚ್ಚುತ್ತದೆ, ಮತ್ತೆ ತೆಗೆಯುವುದಿಲ್ಲ. ಇದೆಲ್ಲ ಅವಳಿಗೆ ಗೊತ್ತಿತ್ತು. ರೇವಾ ಚುರುಕು ಹುಡುಗಿ ಅನ್ನುವುದೂ ಗೊತ್ತಿತ್ತು. ಆದರೆ ಅವಳಿಗೆ ಸಿಂಧೂರ ಬೇಕಿತ್ತು, ಅಷ್ಟೇ.

ಸ್ಕೂಟರಿನಲ್ಲಿ ಬಿಬವೇವಾಡಿಯ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಶರ್ವರಿಯದೇ ಮಾತು. ಮೊದಲು ಯಾವ ಊರಿನ ಟೂರ್ನಮೆಂಟು, ಹೊಸ ಬೂಟು ಯಾವ ಬಣ್ಣದ್ದು, ಹೋಟೆಲಿನಲ್ಲಿ ಕಿಟಕಿ ಕಡೆಯ ಮಂಚ ಈ ಸಲ ಯಾರಿಗೆ. ಮಾರ್ಕೆಟ್ ಯಾರ್ಡಿನ ಮುಂದೆ ಉಳ್ಳಾಗಡ್ಡಿ ಲಾರಿಗಳು ಒಂದರ ಹಿಂದೊಂದು ನಿಂತು ರಸ್ತೆ ಕಟ್ಟಿದ್ದವು. ಹಿಂದೆ ಕೂತ ಸಿಂಧೂರ ಹೂಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ. ಲಾರಿಗಳ ಹಾರ್ನಿನಲ್ಲಿ ಯಾರ ಮೌನ ತಾನೇ ಕೇಳಿಸುತ್ತದೆ?

ಬಾಗಿಲಲ್ಲೇ ಶರ್ವರಿಯ ತಾಯಿ ಇಂದೂಬಾಯಿ ಕಾಯುತ್ತಿದ್ದರು. "ಏನಾತ್ರೇ?"

"ಗೆದ್ವಿ, ಆಯಿ!"

ಇಂದೂಬಾಯಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಧಾರವಾಡ ಬಿಟ್ಟು ಪುಣೆಗೆ ಮದುವೆಯಾಗಿ ಬಂದ ಅವರಿಗೆ ಕನ್ನಡ ಮಾತಾಡುವವರು ಯಾರೇ ಸಿಕ್ಕರೂ ನೆಂಟರೇ. ಒಂಬತ್ತು ವರ್ಷದ ಹಿಂದೆ ಹಾಸ್ಟೆಲ್ಲಿನ ಊಟ ಸೇರದೆ ಅಳುತ್ತಿದ್ದ ತುಮಕೂರಿನ ಹುಡುಗಿಯನ್ನು "ಒಂದು ವಾರ ನಮ್ಮನ್ಯಾಗ ಇರಲಿ" ಎಂದು ಕರೆತಂದವರು ಅವರೇ. ಆ ವಾರ ಇನ್ನೂ ಮುಗಿದಿರಲಿಲ್ಲ. ಮೊದಲ ದಿನ ಸಿಂಧೂರ ಕಟಕ್ ಜೋಳದ ರೊಟ್ಟಿಯನ್ನು ಹಪ್ಪಳವೆಂದುಕೊಂಡು, ಅನ್ನ ಯಾವಾಗ ಬಡಿಸುತ್ತಾರೆಂದು ಕಾದು ಕೂತಿದ್ದ ಕತೆಯನ್ನು ಇಂದೂಬಾಯಿ ಬಂದವರಿಗೆಲ್ಲ ಹೇಳುತ್ತಿದ್ದರು.

"ಇನ್ನೊಂದು ರೊಟ್ಟಿ ತಗೋ, ಸಿಂಧೂ. ತುಮಕೂರಾಗ ಮುದ್ದೀ ನುಂಗಿ ನುಂಗಿ ನಿನ್ನ ಹಲ್ಲಿಗೆ ಕೆಲಸಾನೇ ಇಲ್ಲದ್ಹಂಗ ಆಗೇದ."

"ಸಾಕು ಕಾಕು, ಹೊಟ್ಟೆ ತುಂಬ್ತು."

"ಒಂದು ರೊಟ್ಟಿಗೆ ಹೊಟ್ಟಿ ತುಂಬೂ ಹುಡುಗಿ ಅಲ್ಲ ನೀ," ಎಂದರು ಇಂದೂಬಾಯಿ. ಅವಳ ಮುಖವನ್ನೊಮ್ಮೆ, ಮಗಳ ಮುಖವನ್ನೊಮ್ಮೆ ನೋಡಿ, ಮಜ್ಜಿಗೆ ತರಲು ಒಳಗೆ ಹೋದರು.

ಊಟವಾದ ಮೇಲೆ ಸಿಂಧೂರ ಕೋಣೆಯ ಮಂಚದ ಮೇಲೆ ಕಾಲು ಚಾಚಿ, ಹಳೇ ಟವೆಲ್ಲಿನಲ್ಲಿ ಕಟ್ಟಿದ ಐಸನ್ನು ಮಂಡಿಗೆ ಒತ್ತಿಕೊಂಡಳು. ಶರ್ವರಿ ನೆಲದ ಮೇಲೆ ಕೂತು ಬೂಟಿನ ಲೇಸು ಬದಲಿಸುತ್ತಿದ್ದಳು.

"ಶರೂ, ನಡುವಿನ ಶಟಲ್ ಯಾರದು?"

ಇದು ಕೇಳುವ ಪ್ರಶ್ನೆಯೇ ಅಲ್ಲ. ಇಬ್ಬರೂ ಅಕ್ಕಪಕ್ಕ ನಿಂತಾಗ ಸರಿಯಾಗಿ ಮಧ್ಯೆ ಬರುವ ಶಟಲ್ಲಿಗೆ ಇಬ್ಬರೂ ಕೈ ಹಾಕಿದರೆ ರಾಕೆಟ್ಟು ರಾಕೆಟ್ಟು ಬಡಿದಾಡುತ್ತವೆ; ಇಬ್ಬರೂ ಬಿಟ್ಟರೆ ಅದು ನೆಲಕ್ಕೆ. ಪ್ರತಿಯೊಂದು ಜೋಡಿಯೂ ಇದಕ್ಕೊಂದು ಕರಾರು ಮಾಡಿಕೊಂಡಿರುತ್ತದೆ. ಇವರ ಕರಾರು ಮೊದಲ ವರ್ಷವೇ ಆಗಿತ್ತು: ನಡುವೆ ಬಂದದ್ದು ಎಡಗೈಯವಳದು. ಸಿಂಧೂರಳ ಎಡಗೈ ಎಲ್ಲಿಂದಲೋ ಹಾವಿನ ಹಾಗೆ ಬಂದು ಅದನ್ನು ಕಚ್ಚಿಬಿಡುತ್ತಿತ್ತು. ಆ ಹೊತ್ತಿಗೆ ಶರ್ವರಿ ಮುಂದಿನ ಜಾಗದಲ್ಲಿ ಇರುತ್ತಿದ್ದಳು, ತಿರುಗಿ ನೋಡುವ ಅಗತ್ಯವೇ ಇರುತ್ತಿರಲಿಲ್ಲ.

"ನಿಂದು. ಯಾಕ?"

"ಇವತ್ತು ಒಂದಾದ್ರೂ ನಂಗೆ ಬಿಟ್ಟಿದೀಯಾ?"

ಶರ್ವರಿಯ ಕೈ ಲೇಸಿನ ಮೇಲೇ ನಿಂತಿತು. "ನಾ ಹತ್ರ ಇದ್ದೆ, ಹೊಡದೆ."

"ಎಲ್ಲದಕ್ಕೂ ಹತ್ರ ಇದ್ಯಾ? ಸುಳ್ಳು ಹೇಳ್ಬೇಡ ಕಣೆ, ನಿಂಗೆ ಬರಲ್ಲ." ಸಿಂಧೂರಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಶರ್ವರಿಗೆ ಸುಲಭವಾಗುತ್ತಿತ್ತು. "ರೇವಾ ಕೂಡ ನನ್ನ ಮುಂದಕ್ಕೆ ಒಂದ್ ಡ್ರಾಪ್ ಹಾಕ್ಲಿಲ್ಲ. ರೋಹಿತ್ ನನ್ನ ಕೈಗೇ ಕೊಡ್ತಿದ್ದ. ಎಲ್ಲಾರೂ ಸೇರಿ ನನ್ನ ತೊಟ್ಟಿಲಲ್ಲಿ ಹಾಕಿ ತೂಗಿದ್ರಿ."

ಶರ್ವರಿ ಬೇಕೆಂದು ಮಾಡಿರಲಿಲ್ಲ. ಶಟಲ್ ನಡುವೆ ಬಂದಾಗಲೆಲ್ಲ ಅವಳ ಕಾಲು ತಾನಾಗಿ ಓಡಿತ್ತು. ಮಗು ಎಡವುವ ಮೊದಲೇ ತಾಯಿಯ ಕೈ ಮುಂದಾಗುತ್ತದಲ್ಲ, ಹಾಗೆ. ಈಗ ನೆನೆದರೆ, ಬೆಳಗಿನ ಆಟದಲ್ಲಿ ಸಿಂಧೂರ ಹೇಗೆ ಆಡಿದಳೆಂಬುದೇ ಅವಳಿಗೆ ನೆನಪಿಗೆ ಬರಲಿಲ್ಲ. ಗೆದ್ದದ್ದು ಮಾತ್ರ ನೆನಪಿತ್ತು.

"ಹಂಗಾರ ಏನಾತು?" ಎಂದಳು. "ಇನ್ನೆರಡು ತಿಂಗಳಿಗೆ ಮಂಡಿ ಗಟ್ಟಿ ಆಗ್ತದ. ಅಲ್ಲೀ ತನಕ ನಾ ಓಡ್ತೀನಿ."

"ಎಷ್ಟು ಓಡ್ತೀಯಾ? ಟೂರ್ನಮೆಂಟಲ್ಲಿ ಇರೋರು ರೇವಾ, ರೋಹಿತ್ ಅಲ್ಲ. ಮೊದಲ್ನೇ ಸರ್ವ್‌ಗೇ ಗೊತ್ತಾಗುತ್ತೆ ಅವರಿಗೆ. ಆಮೇಲೆ ನಿನ್ನ ಮಂಡೀನೂ ಹೋಗುತ್ತೆ."

"ಹೋಗ್ಲಿ ಬಿಡು!" ಶರ್ವರಿ ಬೂಟನ್ನು ಗೋಡೆಗೆ ಎಸೆದಳು. "ನಿನ್ನ ಬಿಟ್ಟು ನಂಗ ಆಡ್ಲಿಕ್ಕೆ ಮನಸಿಲ್ಲ. ಈ ವರ್ಷ ಪೂರಾ ಆಡೀನಲ್ಲ, ಒಂದು ದಿನಾನೂ ಚೊಲೋ ಅನಿಸ್ಲಿಲ್ಲ. ಗೆದ್ರೂ ಯಾರ್ನ ತಬ್ಬಿಕೊಳ್ಳಬೇಕು ಗೊತ್ತಾಗ್ತಿದ್ದಿಲ್ಲ."

ಬೂಟಿನ ಸದ್ದಿಗೆ ಇಂದೂಬಾಯಿ ಬಾಗಿಲ ತನಕ ಬಂದರು. ಮಗಳು ಅಳುತ್ತಿರುವುದನ್ನು ಕಂಡು, ಮಜ್ಜಿಗೆಯ ಲೋಟಗಳನ್ನು ಕಪಾಟಿನ ಮೇಲಿಟ್ಟು ಹಾಗೇ ಹಿಂದಿರುಗಿದರು.

ಸಿಂಧೂರ ಐಸು ಕೆಳಗಿಟ್ಟು ಮಂಚದಿಂದ ಇಳಿದು, ಕಷ್ಟಪಟ್ಟು ಶರ್ವರಿಯ ಪಕ್ಕ ನೆಲದಲ್ಲಿ ಕೂತಳು. ತಣ್ಣಗಾಗಿದ್ದ ತನ್ನ ಎಡಗೈಯಿಂದ ಅವಳ ಕೆನ್ನೆ ಒರೆಸಿದಳು.

"ನಂಗೂ ನಿನ್ನ ಜೊತೇನೇ ಆಡ್ಬೇಕು. ಅದಕ್ಕೇ ಬಂದಿರೋದು. ಸಂಜೆ ಒಂದ್ ಗೇಮ್ ಆಡೋಣ. ನಡುವಿನದು ನಂದು, ನೀನು ಮುಟ್ಟಂಗಿಲ್ಲ. ಆಡಕ್ಕಾದ್ರೆ ಆಡ್ತೀನಿ. ಇಲ್ಲಾಂದ್ರೆ ನೋಡೋಣ. ಆಮೇಲೆ ನೀನು ಸರ್‌ಗೆ ಯಾರ ಹೆಸರು ಹೇಳಿದ್ರೂ ನಾನು ಒಪ್ತೀನಿ. ಪ್ರಾಮಿಸ್ ಮಾಡು."

ಶರ್ವರಿ ಅವಳ ಅಂಗೈ ಮೇಲೆ ಕೈ ಇಟ್ಟಳು.

ಸಂಜೆ ಕೋರ್ಟಿಗೆ ಇಳಿಯುವ ಮೊದಲು ಸಿಂಧೂರ ನೇರ ರೇವಾಳ ಹತ್ತಿರ ಹೋದಳು. "ಮಲಾ ಸೋಡೂ ನಕೋಸ್, ಹಾಂ?" ಎಂದಳು. ನನ್ನನ್ನು ಬಿಡಬೇಡ ಅನ್ನುವ ಆ ತುಮಕೂರು ಮರಾಠಿಗೆ ಬೇರೆ ದಿನವಾಗಿದ್ದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಇವತ್ತು ಯಾರೂ ನಗಲಿಲ್ಲ. ರೇವಾ ಹೆದರಿ ಸರ್ ಕಡೆ ನೋಡಿದಳು. ಸರ್ ಹೂಂ ಎಂದು ತಲೆಯಾಡಿಸಿದರು.

ಮೊದಲ ನಡುವಿನ ಶಟಲ್ ಬಂದಾಗ ಶರ್ವರಿ ಹಲ್ಲು ಕಚ್ಚಿ ನಿಂತಳು. ಎಡಗೈ ಬಂತು, ಅದೇ ಹಳೆಯ ವೇಗದಲ್ಲಿ. ಶಟಲ್ ರೋಹಿತನ ಹೆಗಲ ಪಕ್ಕದಿಂದ ಹಾದು ನೆಲ ಮುಟ್ಟಿತು. "ಭಲೇ!" ಎಂದು ಶರ್ವರಿ ಕಿರುಚಿದಳು. ಎರಡನೆಯದೂ ಸಿಕ್ಕಿತು. ಸರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

ಆಮೇಲೆ ರೇವಾ ಬಲೆ ದಾಟುತ್ತಲೇ ಕೆಳಗೆ ಬೀಳುವ ಒಂದು ಡ್ರಾಪ್ ಹಾಕಿದಳು. ಸಿಂಧೂರ ಮುಂದೆ ಓಡಿ ಅದನ್ನು ಎತ್ತಿದಳು. ಮುಂದಿನದು ನಡುವೆ ಬಂತು. ಮುಂದಿನಿಂದ ಹಿಂದಕ್ಕೆ ತಿರುಗುವಾಗ ಅವಳ ಮಂಡಿ ಒಂದು ಕ್ಷಣ ಯೋಚನೆ ಮಾಡಿತು. ಆ ಒಂದು ಕ್ಷಣ ಸಾಕಾಗಿತ್ತು. ಶಟಲ್ ಶರ್ವರಿಯ ಬಲಗೈಗೆ ಎಟಕುವ ದೂರದಲ್ಲಿ ಬಿತ್ತು, ಅವಳು ಅದು ಬೀಳುವುದನ್ನು ನೋಡುತ್ತ ನಿಂತಳು.

ರೇವಾಳಿಗೆ ದಾರಿ ಗೊತ್ತಾಯಿತು. ಮುಂದೆ ಒಂದು, ನಡುವೆ ಒಂದು. ಮುಂದೆ, ನಡುವೆ. ಹೊಡೆಯುವುದನ್ನು ಸಣ್ಣಂದಿನಿಂದ ಕಲಿತ ಶರ್ವರಿಗೆ ನಿಲ್ಲುವುದನ್ನು ಯಾರೂ ಕಲಿಸಿರಲಿಲ್ಲ. ಪ್ರತಿ ಸಲವೂ ಅವಳ ಹಿಮ್ಮಡಿ ಏಳುತ್ತಿತ್ತು, ಪ್ರತಿ ಸಲವೂ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿದ್ದಳು. ಒಂದು ಸಲ ಕೈ ಮೇಲೆದ್ದೇ ಬಿಟ್ಟಿತು. "ನಂದು!" ಎಂದು ಸಿಂಧೂರ ಗದರಿದಳು. ಶರ್ವರಿ ಕೈ ಇಳಿಸಿದಳು.

ಆದರೆ ಸಿಂಧೂರಳ ಮುಖ ಸೋಲುತ್ತಿರುವವಳ ಮುಖದ ಹಾಗಿರಲಿಲ್ಲ. ಬೆವರಿಗೆ ಕೂದಲು ಹಣೆಗೆ ಅಂಟಿ, ಉಸಿರು ಮೇಲೆ ಕೆಳಗಾಗಿ, ಅವಳು ಪ್ರತಿಯೊಂದಕ್ಕೂ ಹೋಗುತ್ತಿದ್ದಳು. ಸಿಕ್ಕರೆ ಸಿಕ್ಕಿತು, ತಪ್ಪಿದರೆ ನಗುತ್ತ ರಾಕೆಟ್ಟಿನ ತುದಿಯಿಂದ ಶಟಲ್ಲನ್ನು ರೇವಾಳ ಕಡೆ ದೂಡುತ್ತಿದ್ದಳು. ಬೆಳಿಗ್ಗೆ ಗೆದ್ದಾಗ ಈ ನಗು ಇರಲಿಲ್ಲ ಎಂಬುದು ಶರ್ವರಿಗೆ ಈಗ ಹೊಳೆಯಿತು.

ಇಪ್ಪತ್ತೊಂದು–ಹತ್ತಕ್ಕೆ ಸೋತರು. ಕೊನೆಯ ಶಟಲ್ಲೂ ನಡುವೆಯೇ ಬಿತ್ತು. ಗೆದ್ದ ರೇವಾ ತೋಳಿಗೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸಿಂಧೂರ ಬಲೆಯ ಕೆಳಗೆ ನುಸುಳಿ ಹೋಗಿ ಅವಳ ಜಡೆ ಹಿಡಿದು ಎಳೆದು, "ಹುಚ್ಚಿ, ಚಾಂಗಲೀ ಖೇಳಲೀಸ್," ಚೆನ್ನಾಗಿ ಆಡಿದೆ, ಎಂದಳು. ಆಮೇಲೆ ಶರ್ವರಿಯ ಕಡೆ ತಿರುಗಿದಳು.

"ಹೋಗು. ಸರ್ ಕಾಯ್ತಿದಾರೆ."

ಯಾರ ಹೆಸರು ಹೇಳೆಂದು ಅವಳು ಹೇಳಲಿಲ್ಲ. ಶರ್ವರಿಯೂ ಕೇಳಲಿಲ್ಲ. ಕಿಟಕಿಯ ಹತ್ತಿರದ ಕುರ್ಚಿ ಅವತ್ತು ಎಷ್ಟೋ ದೂರವಿದ್ದಂತೆ ಅನಿಸಿತು ಅವಳಿಗೆ.

"ರೇವಾ, ಸರ್," ಎಂದಳು. ಎರಡೇ ಅಕ್ಷರದ ಹೆಸರು ಅರ್ಧಕ್ಕೇ ಒಡೆಯಿತು.

ಸರ್ ಅವಳ ಮುಖ ನೋಡಲಿಲ್ಲ. ನೋಡದೆ ಇದ್ದದ್ದು ಒಳ್ಳೆಯದಾಯಿತು. "ಮುಖಾ ತೊಳಕೊಂಡು ಬಾ," ಎಂದರು. "ಇನ್ನೂ ಅರ್ಧಾ ತಾಸು ಕೋರ್ಟ್ ನಮ್ಮದೇ ಅದ."

ಅವಳು ಮುಖ ತೊಳೆದು ಬರುವಷ್ಟರಲ್ಲಿ ಸಿಂಧೂರ ಕೋರ್ಟಿನೊಳಗೆ ರೇವಾಳ ಎರಡೂ ಹೆಗಲು ಹಿಡಿದು, ಕಪಾಟು ಸರಿಸುವವರ ಹಾಗೆ ಅವಳನ್ನು ಒಂದು ಹೆಜ್ಜೆ ಬಲಕ್ಕೆ, ಅರ್ಧ ಹೆಜ್ಜೆ ಹಿಂದಕ್ಕೆ ಸರಿಸುತ್ತಿದ್ದಳು. ಶರ್ವರಿಯನ್ನು ಕಂಡು, "ಬಾ, ನಿನ್ನ ಜಾಗಕ್ಕೆ ನಿಲ್ಲು. ನಾನು ಸರ್ವ್ ಮಾಡ್ತೀನಿ, ನೀವಿಬ್ರೂ ತಗೊಳ್ಳಿ," ಎಂದಳು. ಒಂದು ಕಾಲನ್ನು ಸ್ವಲ್ಪ ಎಳೆಯುತ್ತ ಬಲೆಯ ಆಚೆ ಬದಿಗೆ ಹೋದಳು.

ಅಭ್ಯಾಸಕ್ಕೆಂದು ಇಬ್ಬರೂ ಎದುರುಬದುರು ನಿಂತು ಹೊಡೆದದ್ದು ಎಷ್ಟೋ ಸಲ. ಆದರೆ ಆಟದಲ್ಲಿ ಸಿಂಧೂರ ಸರ್ವ್ ಮಾಡುವಾಗ ಶರ್ವರಿಯ ಜಾಗ ಯಾವತ್ತೂ ಅವಳ ಬೆನ್ನ ಹಿಂದೆ. ಒಂಬತ್ತು ವರ್ಷ ಅವಳು ನೋಡಿದ್ದು ಒಂದು ಜಡೆಯನ್ನು, ಒದ್ದೆಯಾದ ಅಂಗಿಯ ಬೆನ್ನನ್ನು. ಈಗ ಬಲೆಯ ಆಚೆ ಸಿಂಧೂರ ಎಡಗೈಯಲ್ಲಿ ರಾಕೆಟ್ಟು, ಬಲಗೈ ಬೆರಳಲ್ಲಿ ಶಟಲ್ ಹಿಡಿದು ನಿಂತಳು. ನಾಲಿಗೆಯ ತುದಿಯನ್ನು ಹಲ್ಲಿನ ಸಂದಿಯಲ್ಲಿ ಹೊರಗೆ ಹಾಕಿ ಕಚ್ಚಿಕೊಂಡಳು, ಅಕ್ಷರ ತಿದ್ದುವ ಕೂಸಿನ ಹಾಗೆ. ಹುಬ್ಬು ಗಂಟಾಯಿತು.

ಶರ್ವರಿ ಅದನ್ನೇ ನೋಡುತ್ತ ನಿಂತುಬಿಟ್ಟಳು. ಶಟಲ್ ಬಂದು ಅವಳ ಬೂಟಿನ ಪಕ್ಕದಲ್ಲಿ ಬಿತ್ತು.

"ಏ ಶರೂ! ಎಲ್ಲಿದೀಯಾ?"

ಶರ್ವರಿ ಬಗ್ಗಿ ಶಟಲ್ ಎತ್ತಿಕೊಂಡಳು. ಅದರ ಪುಕ್ಕಗಳನ್ನು ಬೆರಳಿನಿಂದ ನೇವರಿಸಿ ಸರಿಮಾಡಿ, ಬಲೆಯ ಮೇಲಿಂದ ಅವಳ ಕೈಗೇ ಎಸೆದಳು.

"ಇನ್ನೊಮ್ಮೆ ಮಾಡು," ಎಂದಳು.